'ಗಿಂತ' ಎಲ್ಲಿ ಕೈ ಕೊಡತ್ತೆ: ಇಂಗ್ಲಿಷ್ ಪರೀಕ್ಷೆಯ ಕಂಪ್ಯಾರಿಸನ್ ಪ್ರಶ್ನೆಗಳನ್ನ ಕನ್ನಡದಿಂದಲೇ ಅರ್ಥ ಮಾಡ್ಕೊಳ್ಳೋದು

ಮೊನ್ನೆ ರಾತ್ರಿ ಹತ್ತೂವರೆಗೆ ನಮ್ಮ ಚಿಕ್ಕಮ್ಮನ ಮಗಳು ವಾಟ್ಸಾಪಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ಳು. ಧಾರವಾಡದಲ್ಲಿ ಪಿಜಿಲಿ ಇದ್ಕೊಂಡು ಕೇಂದ್ರ ಸರ್ಕಾರದ ಕೆಲಸಗಳಿಗೆ ನಡೆಯೋ ಎಸ್‌ಎಸ್‌ಸಿ ಸಿಜಿಎಲ್‌ಗೆ ಓದ್ತಿದಾಳೆ, ಲೆಕ್ಕ, ರೀಸನಿಂಗ್ ಎಲ್ಲ ಚೆನ್ನಾಗೇ ಮಾಡ್ತಾಳೆ, ಇಂಗ್ಲಿಷ್‌ನಲ್ಲಿ ಮಾತ್ರ ಪ್ರತಿ ಮಾಕ್ ಟೆಸ್ಟಲ್ಲೂ ಐದಾರು ಮಾರ್ಕ್ಸ್ ಹೋಗತ್ತೆ. ಪ್ರಶ್ನೆ ಇದು: 'ದ ಕ್ಲೈಮೇಟ್ ಆಫ್ ಬಳ್ಳಾರಿ ಈಸ್ ಹಾಟರ್ ದ್ಯಾನ್ ಮೈಸೂರು.' ಎಲ್ಲಿ ತಪ್ಪಿದೆ ಹೇಳಿ, ತಪ್ಪಿಲ್ಲ ಅಂದ್ರೆ 'ನೋ ಎರರ್' ಹಾಕಿ. ಅವಳು ನೋ ಎರರ್ ಹಾಕಿದ್ಳು, ತಪ್ಪಾಯ್ತು. ಕೆಳಗೆ ಬರೆದಿದ್ಳು, 'ಅಣ್ಣ, ಬಳ್ಳಾರಿ ಮೈಸೂರಿಗಿಂತ ಬಿಸಿ ಅಲ್ವಾ? ಇದ್ರಲ್ಲಿ ತಪ್ಪೇನಿದೆ?'

ಬಳ್ಳಾರಿ ಬಿಸಿ ಹೌದು, ಸ್ಪೆಲ್ಲಿಂಗ್ ಸರಿ, ಟೆನ್ಸ್ ಸರಿ, ಹಾಟರ್ ಆದ್ಮೇಲೆ ದ್ಯಾನ್ ಬಂದಿದೆ ಅದೂ ಸರಿ. ತಪ್ಪಿರೋದು ಹೋಲಿಕೆ ಒಳಗೆ. ಸಾಲಿನ ಆ ಕಡೆ ಇರೋದು ಬಳ್ಳಾರಿಯ ಕ್ಲೈಮೇಟು, ಈ ಕಡೆ ಇರೋದು ಮೈಸೂರು ಅನ್ನೋ ಊರು. ಹವಾಮಾನವನ್ನ ತಗೊಂಡೋಗಿ ಒಂದು ಊರಿನ ಪಕ್ಕ ನಿಲ್ಲಿಸಿದಾರೆ, ಹವಾಮಾನವನ್ನ ಹವಾಮಾನದ ಜೊತೆ ಅಲ್ವಾ ಹೋಲಿಸ್ಬೇಕು? ಅದಕ್ಕೆ 'ದ್ಯಾನ್ ದ್ಯಾಟ್ ಆಫ್ ಮೈಸೂರು' ಅಂತ ಬರ್ಬೇಕು.

(ಇಂಗ್ಲಿಷ್ ಸಾಲುಗಳನ್ನ ಕನ್ನಡ ಅಕ್ಷರದಲ್ಲೇ ಬರೀತಾ ಹೋಗ್ತೀನಿ, ಒಂದ್ಸಲ ಬಾಯಲ್ಲಿ ಹೇಳ್ಕೊಂಡು ಓದಿ, ಸುಲಭ ಆಗತ್ತೆ.)

ಇದನ್ನ ಕೋಚಿಂಗಲ್ಲಿ ಒಂದು ರೂಲ್ ಥರ ಹೇಳ್ಕೊಟ್ಟಿರ್ತಾರೆ, 'ದ್ಯಾನ್ ಆದ್ಮೇಲೆ ದ್ಯಾಟ್ ಆಫ್ ಹಾಕಿ' ಅಂತ, ಹುಡುಗ್ರು ಅದನ್ನ ನೋಟ್ಸಲ್ಲಿ ಬರ್ಕೊಂಡು ಎಲ್ಲಾ ಕಡೆ ಹಾಕೋಕೆ ಶುರು ಮಾಡ್ತಾರೆ, ಹಾಕಬಾರದ ಕಡೆನೂ. ನನಗೆ ಅನ್ಸೋದು ಏನಂದ್ರೆ ಈ ಟಾಪಿಕ್‌ಗೆ ರೂಲ್ ಬಾಯಿಪಾಠ ಮಾಡೋ ಅಗತ್ಯನೇ ಇಲ್ಲ, ಯಾಕಂದ್ರೆ ಇದರ ಮುಕ್ಕಾಲು ಪಾಲು ನಮ್ಮ ಕನ್ನಡದಲ್ಲೇ ಇದೆ, ಉಳಿದ ಕಾಲು ಪಾಲಲ್ಲಿ ಕನ್ನಡವೇ ನಮ್ಮನ್ನ ದಾರಿ ತಪ್ಸತ್ತೆ. ಎಲ್ಲಿ ಕೈ ಹಿಡಿಯತ್ತೆ ಎಲ್ಲಿ ಕೈ ಕೊಡತ್ತೆ ಅಂತ ಗೊತ್ತಾಗ್ಬಿಟ್ರೆ ಸಾಕು.

ಮೊದ್ಲು ಕೈ ಹಿಡಿಯೋ ಜಾಗ. 'ಬಳ್ಳಾರಿ ಹವೆ ಮೈಸೂರಿಗಿಂತ ಬಿಸಿ' ಅಂದ್ರೆ ಕನ್ನಡದಲ್ಲಿ ಯಾರೂ ತಕರಾರು ತೆಗೆಯಲ್ಲ, ಎಲ್ಲರೂ ಹಂಗೇ ಮಾತಾಡೋದು. ಅದಕ್ಕೇ ಇಂಗ್ಲಿಷ್ ಸಾಲು ಕೂಡ ನಮ್ಮ ಕಿವಿಗೆ ಸರಿಯಾಗೇ ಕೇಳ್ಸತ್ತೆ. ಆದ್ರೆ ಊರಿನ ಬದಲು ಮನುಷ್ಯರನ್ನ ಹಾಕಿ ನೋಡಿ. 'ನನ್ನ ಫೋನು ನಿನಗಿಂತ ಚೆನ್ನಾಗಿದೆ' ಅಂತ ಹೇಳಿ ನೋಡಿ. ತಕ್ಷಣ ಕಿವಿ ಚುರುಕಾಗತ್ತೆ ಅಲ್ವಾ? ಫೋನನ್ನ ಮನುಷ್ಯನ ಜೊತೆ ಹೋಲಿಸಿದ ಹಾಗಾಯ್ತು. ನಾವು ಹೇಳೋದು 'ನನ್ನ ಫೋನು ನಿಂದಕ್ಕಿಂತ ಚೆನ್ನಾಗಿದೆ' ಅಂತ. ಆ 'ನಿಂದು' ಅನ್ನೋದ್ರಲ್ಲಿ ಇರೋ 'ದು' ಇದೆಯಲ್ಲ, ನಿನ್ನ ಅನ್ನೋ ಷಷ್ಠಿ ರೂಪಕ್ಕೆ ಅಂಟ್ಕೊಂಡು 'ನಿನ್ನ ಫೋನು' ಅನ್ನೋ ಪೂರ್ತಿ ಅರ್ಥವನ್ನ ಒಂದಕ್ಷರದಲ್ಲಿ ಹೊತ್ಕೊಂಡಿರತ್ತೆ, ಇಂಗ್ಲಿಷ್‌ನ 'ದ್ಯಾಟ್ ಆಫ್' ಮಾಡೋದೂ ಅದೇ ಕೆಲಸ. ಮೈಸೂರಿನದು ಅಂದ್ರೆ ದ್ಯಾಟ್ ಆಫ್ ಮೈಸೂರು, ಅಷ್ಟೇ.

ಹಾಗಾಗಿ ನಾನು ಅವಳಿಗೆ ಹೇಳಿದ ಉಪಾಯ ಇದು: ಸಾಲಲ್ಲಿ ಊರು, ದೇಶ, ಕಂಪನಿ ಏನೇ ಇರ್ಲಿ, ಅವುಗಳನ್ನ ತೆಗೆದು 'ನನ್ನ' ಮತ್ತೆ 'ನೀನು' ಹಾಕಿ ಕನ್ನಡದಲ್ಲಿ ಹೇಳ್ಕೋ. 'ನನ್ನ ಹವೆ ನಿನಗಿಂತ ಬಿಸಿ'. ತಪ್ಪು ಅನ್ಸತ್ತೆ, 'ನಿಂದಕ್ಕಿಂತ' ಬೇಕು ಅನ್ಸತ್ತೆ, ಅಂದ್ರೆ ಇಂಗ್ಲಿಷಲ್ಲಿ ದ್ಯಾಟ್ ಆಫ್ ಬೇಕು. ಊರಿನ ಹೆಸರಿದ್ದಾಗ ನಿದ್ದೆ ಹೊಡೆಯೋ ಕಿವಿ ನಾನು ನೀನು ಅಂದ ತಕ್ಷಣ ಎದ್ದು ಕೂರತ್ತೆ.

ಇದೇ ಉಪಾಯ ಉಲ್ಟಾ ಕಡೆಯಿಂದನೂ ಕಾಪಾಡತ್ತೆ. 'ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ದ್ಯಾಟ್ ಆಫ್ ಕುದುರೆಮುಖ' ಅಂತ ಕೊಟ್ರೆ ಬಹಳ ಜನ ದ್ಯಾಟ್ ಆಫ್ ನೋಡಿ ಖುಷಿಯಾಗಿ ಸರಿ ಅಂತಾರೆ. 'ನಾನು ನಿಂದಕ್ಕಿಂತ ಎತ್ತರ' ಅಂತ ಹೇಳಿ ನೋಡಿ ಈಗ. ಕೂಡಲ್ಲ. ಇಲ್ಲಿ ಬೆಟ್ಟವನ್ನ ಬೆಟ್ಟದ ಜೊತೆಗೇ ಹೋಲಿಸಿರೋದು, ನಡುವೆ ದ್ಯಾಟ್ ಆಫ್‌ಗೆ ಕೆಲಸನೇ ಇಲ್ಲ. ಅದೇ 'ದ ಹೈಟ್ ಆಫ್ ಮುಳ್ಳಯ್ಯನಗಿರಿ' ಅಂತ ಶುರುವಾಗಿದ್ರೆ ಬೇಕಾಗ್ತಿತ್ತು, ಯಾಕಂದ್ರೆ ಆಗ ಹೋಲಿಕೆ ಎತ್ತರದ್ದು.

ಬಹುವಚನಕ್ಕೆ ಬಂದ್ರೆ 'ದೋಸ್ ಆಫ್'. 'ದ ರೋಡ್ಸ್ ಆಫ್ ಮೈಸೂರು ಆರ್ ವೈಡರ್ ದ್ಯಾನ್ ದ್ಯಾಟ್ ಆಫ್ ಅವರ್ ಟೌನ್' ಅಂತ ಕೊಡ್ತಾರೆ, ದ್ಯಾಟ್ ಆಫ್ ಇದೆ ಅಂತ ನಾವು ಮುಂದಕ್ಕೆ ಹೋಗ್ಬಿಡ್ತೀವಿ, ಆದ್ರೆ ರೋಡುಗಳು ಬಹುವಚನ, ಹಾಗಾಗಿ ದೋಸ್ ಆಫ್. ಬರಹದ ಕನ್ನಡದಲ್ಲಿ ಈ ವ್ಯತ್ಯಾಸ ಚೊಕ್ಕವಾಗಿದೆ, ನಿನ್ನದು ಒಂದು, ನಿನ್ನವು ಹಲವು, 'ನನ್ನ ಪುಸ್ತಕಗಳು ನಿನ್ನವಕ್ಕಿಂತ ಹಳೆಯವು'. ಮಾತಲ್ಲಿ ಮಾತ್ರ ನಾವು ಎರಡಕ್ಕೂ 'ನಿಂದಕ್ಕಿಂತ' ಅಂದ್ಬಿಡ್ತೀವಿ, ಈ ತಪ್ಪಿನ ಬೇರು ಅಲ್ಲೇ ಇರೋದು ಅಂತ ನನ್ನ ಅನಿಸಿಕೆ. ಪರೀಕ್ಷೇಲಿ ಕೂತಾಗ ಬರಹದ ಕನ್ನಡ ನೆನಪು ಮಾಡ್ಕೊಳ್ಳಿ.

ಇನ್ನೊಂದು ಸಣ್ಣ ಗುಂಡಿ: 'ಮೈ ಸ್ಯಾಲರಿ ಈಸ್ ಲೋವರ್ ದ್ಯಾನ್ ದ್ಯಾಟ್ ಆಫ್ ಮೈ ಫ್ರೆಂಡ್ಸ್', ಕೊನೇಲಿ ಅಪಾಸ್ಟ್ರಫಿ ಎಸ್ ಇರೋ ಫ್ರೆಂಡ್ಸ್. ದ್ಯಾಟ್ ಆಫ್ ಅಂದ್ರೂ 'ದು', ಅಪಾಸ್ಟ್ರಫಿ ಎಸ್ ಅಂದ್ರೂ 'ದು', ಎರಡೂ ಹಾಕಿದ್ರೆ 'ಫ್ರೆಂಡಿನದರದಕ್ಕಿಂತ' ಅಂದ ಹಾಗೆ. ಒಂದು ಸಾಕು.

ಈಗ ಕನ್ನಡ ಕೈ ಕೊಡೋ ಜಾಗಗಳಿಗೆ ಬರೋಣ, ಇವು ಮುಖ್ಯ, ಇಲ್ಲೇ ನಮ್ಮೋರು ಹೆಚ್ಚು ಮಾರ್ಕ್ಸ್ ಕಳ್ಕೊಳ್ಳೋದು.

ಒಂದನೇದು 'ಎಲ್ಲರಿಗಿಂತ'. ಕನ್ನಡದಲ್ಲಿ ಇಂಗ್ಲಿಷ್ ಥರ ಟಾಲ್, ಟಾಲರ್, ಟಾಲೆಸ್ಟ್ ಅಂತ ಪದದ ರೂಪ ಬದಲಾಗಲ್ಲ, ಎತ್ತರ ಅನ್ನೋದು ಎತ್ತರವಾಗೇ ಇರತ್ತೆ, ಹೋಲಿಕೆಯ ಭಾರ ಎಲ್ಲ ಹೊರೋದು 'ಗಿಂತ'. ಸೂಪರ್ಲೇಟಿವ್ ಬೇಕಾದಾಗ ನಾವು 'ಎಲ್ಲರಿಗಿಂತ ಎತ್ತರ', 'ಎಲ್ಲದಕ್ಕಿಂತ ದೊಡ್ಡದು' ಅಂತೀವಿ. 'ಅವನು ಕ್ಲಾಸಲ್ಲಿ ಎಲ್ಲರಿಗಿಂತ ಎತ್ತರ' ಅಂದಾಗ ಆ ಎಲ್ಲರಲ್ಲಿ ಅವನು ಸೇರಿಲ್ಲ ಅನ್ನೋದು ಕೇಳೋರಿಗೆ ತಾನಾಗೇ ಗೊತ್ತಾಗತ್ತೆ, ಭಾಷೆ ಅದನ್ನ ಬಿಡಿಸಿ ಹೇಳು ಅಂತ ಕೇಳಲ್ಲ. ಇಂಗ್ಲಿಷ್ ಪರೀಕ್ಷೆ ಕೇಳತ್ತೆ. 'ಹಿ ಈಸ್ ಟಾಲರ್ ದ್ಯಾನ್ ಎನಿ ಬಾಯ್ ಇನ್ ಹಿಸ್ ಕ್ಲಾಸ್' ತಪ್ಪು, ಯಾಕಂದ್ರೆ ಅವನೂ ಆ ಕ್ಲಾಸಿನ ಹುಡುಗನೇ, ಹಾಗಾಗಿ ಅವನು ಅವನಿಗಿಂತಲೇ ಎತ್ತರ ಅಂದ ಹಾಗಾಗತ್ತೆ. 'ಎನಿ ಅದರ್ ಬಾಯ್' ಅನ್ಬೇಕು, ಬಾಯ್ ಅನ್ನೋ ಪದ ಇಲ್ದೆ ಬರೀ 'ಎನಿವನ್' ಇದ್ರೆ 'ಎನಿವನ್ ಎಲ್ಸ್'. 'ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ' ಅಂದ್ರೂ ಅದೇ ಕಥೆ, 1,930 ಮೀಟರಿನ ಆ ಬೆಟ್ಟ ಕರ್ನಾಟಕದಲ್ಲೇ ಇದೆ, ತನ್ನನ್ನ ತಾನೇ ಮೀರೋಕಾಗಲ್ಲ. ಇದಕ್ಕೆ ಔಷಧ ಏನಂದ್ರೆ ಮನಸ್ಸಲ್ಲಿ 'ಎಲ್ಲರಿಗಿಂತ' ಬಂದಾಗ ಅದನ್ನ 'ಬೇರೆಯವರೆಲ್ಲರಿಗಿಂತ' ಅಂತ ತಿದ್ಕೊಳ್ಳಿ, ಆ 'ಬೇರೆ'ನೇ ಅದರ್.

ಸೂಪರ್ಲೇಟಿವ್ ಬಂದ್ರೆ ಇದು ತಿರುಗಿ ಬೀಳತ್ತೆ, ಅಲ್ಲಿ ಅದರ್ ಬರಬಾರದು. 'ದ ಹೈಯೆಸ್ಟ್ ಆಫ್ ಆಲ್ ದ ಪೀಕ್ಸ್' ಸರಿ, 'ಆಫ್ ಆಲ್ ಅದರ್ ಪೀಕ್ಸ್' ತಪ್ಪು, ಗುಂಪಿನ ಒಳಗೆ ಇದ್ರೆ ತಾನೇ ಆ ಗುಂಪಿಗೆ ದೊಡ್ಡದಾಗೋದು.

ಎರಡನೇದು ಇನ್ನೂ ಸೂಕ್ಷ್ಮ. 'ಗಿಂತ' ಬಂದು ಅಂಟೋದು ಚತುರ್ಥಿಗೆ, ನನಗೆ ಇದ್ದದ್ದು ನನಗಿಂತ, ಊರಿಗೆ ಇದ್ದದ್ದು ಊರಿಗಿಂತ, ಅದಕ್ಕೆ ಇದ್ದದ್ದು ಅದಕ್ಕಿಂತ. ಒಂದ್ಸಲ ಗಿಂತ ಹತ್ತಿಬಿಟ್ರೆ ಆ ಪದ ವಾಕ್ಯದಲ್ಲಿ ಕೆಲಸ ಮಾಡೋ ಕರ್ತೃನಾ, ಕೆಲಸ ಯಾರಿಗೆ ಆಯ್ತೋ ಅವ್ರಾ, ಅಥವಾ ಬರೀ ಜಾಗನಾ ಅನ್ನೋದು ಮುಚ್ಚಿಹೋಗತ್ತೆ. 'ರಶ್ಮಿ ಅವಳ ತಮ್ಮನಿಗಿಂತ ನಂಗೆ ಜಾಸ್ತಿ ಹೆಲ್ಪ್ ಮಾಡ್ತಾಳೆ' ಅಂದ್ರೆ ಏನು? ತಮ್ಮ ನಂಗೆ ಮಾಡೋ ಹೆಲ್ಪಿಗಿಂತ ಅವಳದು ಜಾಸ್ತಿನಾ, ಇಲ್ಲ ಅವಳು ತಮ್ಮನಿಗೆ ಮಾಡೋದಕ್ಕಿಂತ ನಂಗೆ ಮಾಡೋದು ಜಾಸ್ತಿನಾ? ಎರಡೂ ಆಗತ್ತೆ. ನಾವು ಮಾತಾಡ್ತಾ ಸಂದರ್ಭ ನೋಡಿ ಅರ್ಥ ಮಾಡ್ಕೊಂಡು ಮುಂದೆ ಹೋಗ್ತೀವಿ. ಇಂಗ್ಲಿಷಲ್ಲೂ 'ರಶ್ಮಿ ಹೆಲ್ಪ್ಸ್ ಮಿ ಮೋರ್ ದ್ಯಾನ್ ಹರ್ ಬ್ರದರ್' ಅಂದ್ರೆ ಅದೇ ಗೊಂದಲ, ಆದ್ರೆ ಪರೀಕ್ಷೆಯವರು ಗೊಂದಲ ಬಿಡ್ಸಿರೋ ಆಪ್ಷನ್ನೇ ಸರಿ ಅಂತಾರೆ: ತಮ್ಮ ಮಾಡೋದಕ್ಕಿಂತ ಅನ್ನೋದಾದ್ರೆ 'ದ್ಯಾನ್ ಹರ್ ಬ್ರದರ್ ಡಸ್', ತಮ್ಮನಿಗೆ ಮಾಡೋದಕ್ಕಿಂತ ಅನ್ನೋದಾದ್ರೆ 'ದ್ಯಾನ್ ಶಿ ಹೆಲ್ಪ್ಸ್ ಹರ್ ಬ್ರದರ್'. ಕೊನೇಲಿ ಬರೋ ಆ ಡಸ್, ಡು, ಡಿಡ್ ಸುಮ್ನೆ ಬಂದಿರಲ್ಲ, ಯಾರು ಮಾಡ್ತಿದಾರೆ ಅಂತ ತೋರ್ಸೋಕೆ ಬಂದಿರತ್ತೆ, ಅದನ್ನ ಎಕ್ಸ್‌ಟ್ರಾ ಪದ ಅಂತ ಹೊಡೆದು ಹಾಕ್ಬೇಡಿ.

'ಹಿ ಈಸ್ ಟಾಲರ್ ದ್ಯಾನ್ ಮಿ' ಅನ್ನೋದು ಮಾತಾಡೋ ಇಂಗ್ಲಿಷಲ್ಲಿ ಎಲ್ಲರೂ ಹೇಳ್ತಾರೆ, ತಪ್ಪೂ ಅಲ್ಲ, ಆದ್ರೆ ನಮ್ಮ ಕಡೆ ಎರರ್ ಸ್ಪಾಟಿಂಗಲ್ಲಿ ಇನ್ನೂ ಹಳೇ ವ್ಯಾಕರಣ ಪುಸ್ತಕಗಳ ಲೆಕ್ಕವೇ ನಡೆಯೋದ್ರಿಂದ 'ದ್ಯಾನ್ ಐ' ಹಾಕೋದೇ ಸೇಫ್, 'ಐ ಆ್ಯಮ್' ಅನ್ನೋದು ಅದ್ರ ಹಿಂದೆ ಅಡಗಿದೆ ಅಂತ ಅವ್ರ ವಾದ.

ಜಾಗದ ವಿಷಯದಲ್ಲೂ ಗಿಂತ ಹೀಗೇ ಮಾಡತ್ತೆ. ಆಗುಂಬೆಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯತ್ತೆ, ಚಿತ್ರದುರ್ಗ ಒಣ ಸೀಮೆ. ನಾವು 'ಆಗುಂಬೆಲಿ ಚಿತ್ರದುರ್ಗಕ್ಕಿಂತ ಜಾಸ್ತಿ ಮಳೆ' ಅಂತೀವಿ, ಮೊದ್ಲನೇ ಊರಿಗೆ 'ಲಿ' ಇದೆ, ಎರಡನೇದಕ್ಕೆ ಇಲ್ಲ, ಗಿಂತ ಅದನ್ನ ನುಂಗ್ತು. ಅದನ್ನೇ ಇಂಗ್ಲಿಷಿಗೆ ತಂದು 'ಇಟ್ ರೇನ್ಸ್ ಮೋರ್ ಇನ್ ಆಗುಂಬೆ ದ್ಯಾನ್ ಚಿತ್ರದುರ್ಗ' ಅಂದ್ರೆ ಪರೀಕ್ಷೇಲಿ ತಪ್ಪು, 'ದ್ಯಾನ್ ಇನ್ ಚಿತ್ರದುರ್ಗ' ಬೇಕು. ಆ ಕಡೆ ಇನ್ ಇದ್ರೆ ಈ ಕಡೆನೂ ಇನ್, ಆ ಕಡೆ 'ಬೈ ಟ್ರೇನ್' ಇದ್ರೆ ಈ ಕಡೆ 'ಬೈ ಬಸ್'. ಇದಕ್ಕೇ ಪ್ಯಾರಲಲಿಸಂ ಅನ್ನೋ ದೊಡ್ಡ ಹೆಸರು, ತಕ್ಕಡಿಯ ಎರಡೂ ತಟ್ಟೇಲಿ ಒಂದೇ ಜಾತಿಯ ಪದ ಇರ್ಬೇಕು ಅಂತ, ಅದಕ್ಕಿಂತ ಹೆಚ್ಚೇನಿಲ್ಲ.

ಕ್ರಿಯಾಪದಕ್ಕೆ ಬಂದ್ರೆ ಮಾತ್ರ ಕನ್ನಡ ಮತ್ತೆ ನಮ್ಮ ಕಡೆಗೆ ನಿಲ್ಲತ್ತೆ. 'ಓದೋದು ಬರೆಯೋದಕ್ಕಿಂತ ಸುಲಭ', ಎರಡೂ ಕಡೆ ಕೊನೇಲಿ ಒಂದೇ ಬಾಲ, ಓದ್-ಓದು, ಬರೆಯ್-ಓದು, ಬೇರೆ ಥರ ಹೇಳೋಕೆ ಬರೋದೇ ಇಲ್ಲ. ಇಂಗ್ಲಿಷಲ್ಲಿ ಈ ಬಾಲಕ್ಕೆ ಎರಡು ರೂಪ ಇರೋದ್ರಿಂದ, 'ಟು ರೀಡ್' ಒಂದು, 'ರೀಡಿಂಗ್' ಒಂದು, ಪ್ರಶ್ನೆ ಮಾಡೋರು ಎರಡನ್ನೂ ಕಲಸಿ ಇಡ್ತಾರೆ: 'ಟು ರೀಡ್ ಎ ಲ್ಯಾಂಗ್ವೇಜ್ ಈಸ್ ಈಸಿಯರ್ ದ್ಯಾನ್ ರೈಟಿಂಗ್ ಇಟ್'. ಎರಡೂ ಐಎನ್‌ಜಿ ಮಾಡಿ, ಇಲ್ಲ ಎರಡೂ ಟು ಮಾಡಿ, ಮುಗೀತು.

ಪ್ರಿಫರ್ ಕೂಡ ಇದೇ ಸಾಲಿನದ್ದು, ಜೊತೆಗೆ ಅದ್ರ ಹಿಂದೆ ದ್ಯಾನ್ ಬರಲ್ಲ, ಟು ಬರತ್ತೆ: 'ಶಿ ಪ್ರಿಫರ್ಸ್ ವಾಕಿಂಗ್ ಟು ಡ್ರೈವಿಂಗ್'. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್, ಪ್ರಯರ್ ಇವಕ್ಕೂ ಟು. ಇವೆಲ್ಲ ಲ್ಯಾಟಿನ್‌ನಿಂದ ಬಂದ ಪದಗಳು, ಅದಕ್ಕೇ ಉಳಿದವುಗಳ ಥರ ಇಲ್ಲ, ಬಾಯಿಪಾಠ ಮಾಡೋದಿದ್ರೆ ಈ ಐದಾರನ್ನ ಮಾಡಿ ಬಿಟ್ಬಿಡಿ.

ಮೂರನೇ ಕೈಕೊಡೋ ಜಾಗ 'ಹೋಲಿಸಿದ್ರೆ'. 'ಕೇರಳಕ್ಕೆ ಹೋಲಿಸಿದ್ರೆ ಕರ್ನಾಟಕ ಜಾಸ್ತಿ ದೊಡ್ಡದು' ಅಂತ ನಾವು ಧಾರಾಳವಾಗಿ ಹೇಳ್ತೀವಿ, ಅದೇ ಬಾಯಲ್ಲಿ 'ಕರ್ನಾಟಕ ಈಸ್ ಲಾರ್ಜರ್ ಕಂಪೇರ್ಡ್ ಟು ಕೇರಳ' ಅಂತ ಬಂದ್ಬಿಡತ್ತೆ. ಲಾರ್ಜರ್ ಅಂದ್ಮೇಲೆ ಹೋಲಿಕೆ ಶುರುವಾಗಿದೆ, ಅದನ್ನ ಮುಗಿಸೋ ಹಕ್ಕು ದ್ಯಾನ್‌ಗೆ ಮಾತ್ರ ಅಂತ ಪರೀಕ್ಷೆಯ ಲೆಕ್ಕ. 'ಲಾರ್ಜರ್ ದ್ಯಾನ್ ಕೇರಳ'. ವಿಸ್ತೀರ್ಣ ಅಂತ ಹೇಳ್ಬೇಕಾದ್ರೆ 'ದ ಏರಿಯಾ ಆಫ್ ಕರ್ನಾಟಕ ಈಸ್ ಲಾರ್ಜರ್ ದ್ಯಾನ್ ದ್ಯಾಟ್ ಆಫ್ ಕೇರಳ', ನಮ್ಮದು 1,91,791 ಚದರ ಕಿಲೋಮೀಟರ್, ಅವ್ರದು ಅದ್ರ ಐದನೇ ಒಂದು ಭಾಗದಷ್ಟು. ನೋಡಿ, ನಾನೇ ಈಗ 'ನಮ್ಮದು', 'ಅವ್ರದು' ಅಂತ ಬರೆದೆ, ದು ಇಲ್ದೆ ಈ ವಾಕ್ಯ ಬರೆಯೋಕಾಗ್ತಿರ್ಲಿಲ್ಲ.

ಸಾಲಿನ ಶುರುವಲ್ಲಿ ಲೈಕ್ ಅಥವಾ ಅನ್‌ಲೈಕ್ ಬಂದ್ರೆ ಅಲ್ಲೊಂದು ಕ್ಷಣ ನಿಲ್ಲಿ. 'ಅನ್‌ಲೈಕ್ ದ ಕಾವೇರಿ, ದ ಸೋರ್ಸ್ ಆಫ್ ದ ಕೃಷ್ಣಾ ಈಸ್ ಇನ್ ಮಹಾರಾಷ್ಟ್ರ.' ಕಾವೇರಿ ಹುಟ್ಟೋದು ತಲಕಾವೇರಿಲಿ, ಕೃಷ್ಣೆ ಮಹಾಬಲೇಶ್ವರದಲ್ಲಿ, ವಿಷಯ ಸರಿ ಇದೆ. ಆದ್ರೆ ಅಲ್ಪವಿರಾಮದ ಆ ಕಡೆ ನದಿ, ಈ ಕಡೆ ಮೊದ್ಲು ಸಿಗೋದು ಸೋರ್ಸ್, ಅಂದ್ರೆ ಉಗಮಸ್ಥಾನ. ನದಿ ಪಕ್ಕ ನದಿನೇ ನಿಲ್ಬೇಕು: 'ಅನ್‌ಲೈಕ್ ದ ಕಾವೇರಿ, ದ ಕೃಷ್ಣಾ ರೈಸಸ್ ಇನ್ ಮಹಾರಾಷ್ಟ್ರ'. ಅಲ್ಪವಿರಾಮದ ಎರಡೂ ಪಕ್ಕದಲ್ಲಿರೋ ಹೆಸರುಗಳ ಮೇಲೆ ಬೆರಳಿಟ್ಟು ಇವೆರಡೂ ಒಂದೇ ಜಾತಿನಾ ಅಂತ ಕೇಳ್ಕೊಂಡ್ರೆ ಆಯ್ತು. ಹಾಗೇ ನದಿ ಹೆಸರಿನ ಮುಂದೆ ಇರೋ 'ದ' ಬಿಟ್ಟಿದ್ರೆ ಅದೂ ಒಂದು ತಪ್ಪು, ಕೆಲವು ಸಲ ಕಂಪ್ಯಾರಿಸನ್ ಸರಿಯಾಗೇ ಇದ್ದು ಆರ್ಟಿಕಲ್ ಮಾತ್ರ ಕದ್ದಿರ್ತಾರೆ. ಜಿಮ್ಯಾಟ್‌ನ (ಎಂಬಿಎ ಸೇರೋಕೆ ಬರೆಯೋ ಪರೀಕ್ಷೆ) ಸೆಂಟೆನ್ಸ್ ಕರೆಕ್ಷನ್ನಲ್ಲಿ ಈ ಥರದ್ದು ತುಂಬಾ ಬರ್ತಿತ್ತು, ಎರಡೂ ಹೆಸರುಗಳ ನಡುವೆ ಮೂರು ಸಾಲು ತುರುಕಿ ದೂರ ಮಾಡಿರೋರು. 2023ರ ನವೆಂಬರ್‌ನಲ್ಲಿ ಫೋಕಸ್ ಎಡಿಷನ್ ಅನ್ನೋ ಅದ್ರ ಹೊಸ ರೂಪ ಬಂದಾಗ ಆ ಇಡೀ ಭಾಗವನ್ನೇ ತೆಗೆದ್ರು, ಆದ್ರೂ ಆ ಹಳೇ ಪ್ರಶ್ನೆಗಳು ಸಿಕ್ರೆ ಬಿಡ್ಬೇಡಿ, ಬೇರೆ ಯಾವ ಪರೀಕ್ಷೆಗೆ ಓದೋರಿಗೂ ಅವು ಒಳ್ಳೇ ಕಸರತ್ತು.

ಇನ್ನು 'ಆ್ಯಸ್' ಮತ್ತೆ 'ದ್ಯಾನ್' ಒಂದೇ ಸಾಲಲ್ಲಿ ಬರೋದು. 'ರಾಯಚೂರು ಈಸ್ ಆ್ಯಸ್ ಹಾಟ್, ಇಫ್ ನಾಟ್ ಹಾಟರ್ ದ್ಯಾನ್, ಬಳ್ಳಾರಿ.' ಕನ್ನಡದಲ್ಲಿ ಹೇಳಿ: 'ರಾಯಚೂರು ಬಳ್ಳಾರಿಯಷ್ಟೇ ಬಿಸಿ, ಇಲ್ಲಾಂದ್ರೆ ಅದಕ್ಕಿಂತ ಜಾಸ್ತಿ'. ಅಷ್ಟು ಒಂದು, ಗಿಂತ ಒಂದು, ಎರಡೂ ಪ್ರತ್ಯೇಕವಾಗಿ ಬಂತು, ಒಂದ್ರ ಕೆಲಸ ಇನ್ನೊಂದು ಮಾಡಲ್ಲ. ಇಂಗ್ಲಿಷಲ್ಲೂ ಅಷ್ಟೇ, ಮೊದಲ ಜೋಡಿ ಪೂರ್ತಿ ಮಾಡಿ ಆಮೇಲೆ ಎರಡನೇದು: 'ಆ್ಯಸ್ ಹಾಟ್ ಆ್ಯಸ್, ಇಫ್ ನಾಟ್ ಹಾಟರ್ ದ್ಯಾನ್, ಬಳ್ಳಾರಿ'. ಹಾಟ್ ಆದ್ಮೇಲೆ ಬರಬೇಕಿದ್ದ ಆ ಎರಡನೇ ಆ್ಯಸ್ ಕಾಣೆಯಾಗಿರತ್ತೆ, ಓದುವಾಗ ನಾಲಿಗೆ ಜಾರ್ಕೊಂಡು ಹೋಗೋದ್ರಿಂದ ಗೊತ್ತೇ ಆಗಲ್ಲ.

ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಳ್ಳೋದು ಅಂತ ಅವಳೂ ಕೇಳಿದ್ಳು. ಸಿಜಿಎಲ್ ಟಿಯರ್ ಒಂದರಲ್ಲಿ ಇಂಗ್ಲಿಷ್‌ಗೆ 25 ಪ್ರಶ್ನೆ, 50 ಮಾರ್ಕ್ಸ್, ತಪ್ಪಾದ್ರೆ ಅರ್ಧ ಮಾರ್ಕ್ ಕಟ್, ಒಟ್ಟು ನಾಲ್ಕು ವಿಷಯದ 100 ಪ್ರಶ್ನೆಗೆ ಒಂದೇ ಗಂಟೆ. ಒಂದು ಪ್ರಶ್ನೆ ತಪ್ಪಾದ್ರೆ ಸಿಗಬೇಕಿದ್ದ ಎರಡೂ ಹೋಯ್ತು, ಮೇಲೆ ಅರ್ಧನೂ ಹೋಯ್ತು, ಕಟಾಫ್ ಹತ್ರ ನಿಂತಿರೋರಿಗೆ ಎರಡೂವರೆ ಮಾರ್ಕ್ಸ್ ಅಂದ್ರೆ ಏನು ಅಂತ ಓದೋ ಮಕ್ಕಳಿರೋ ಮನೆಗಳಿಗೆಲ್ಲ ಗೊತ್ತು. ಕನ್ನಡ ಮೀಡಿಯಮಲ್ಲಿ ಓದಿ ಬಂದ ಮಕ್ಕಳು 'ನಮ್ಮ ಇಂಗ್ಲಿಷ್ ವೀಕು' ಅಂತ ಮೊದ್ಲೇ ಸೋತು ಕೂರೋದು ನೋಡಿದ್ರೆ ನಂಗೆ ಸಂಕಟ ಆಗತ್ತೆ, ಯಾಕಂದ್ರೆ ಈ ಪ್ರಶ್ನೆಗಳು ಕೇಳೋದು ಇಂಗ್ಲಿಷ್ ಪದಭಂಡಾರವನ್ನಲ್ಲ, ಯಾವುದನ್ನ ಯಾವುದ್ರ ಪಕ್ಕ ಇಟ್ಟಿದಾರೆ ಅಂತ ನೋಡೋ ಕಣ್ಣನ್ನ. ನಿಂದಕ್ಕಿಂತ ಅನ್ನೋ ಪದ ಬಳಸೋಕೆ ಬರೋ ಮಗುಗೆ ಆ ಕಣ್ಣು ಆಗಲೇ ಇರತ್ತೆ.

ಅವತ್ತು ರಾತ್ರಿ ಇದೆಲ್ಲ ವಾಯ್ಸ್ ನೋಟಲ್ಲಿ ಹೇಳಿ, ನಾನೇ ಒಂದಷ್ಟು ಸಾಲು ಮಾಡಿ ಕಳಿಸ್ದೆ. ದ್ಯಾಟ್ ಆಫ್, ದೋಸ್ ಆಫ್ ಎಲ್ಲ ಸರಸರ ಹಿಡಿದ್ಳು. ಕೊನೇದು ಇದಿತ್ತು: 'ಆನೆಮುಡಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ.' ತಕ್ಷಣ ರಿಪ್ಲೈ ಬಂತು, 'ಎನಿ ಅದರ್ ಪೀಕ್ ಆಗ್ಬೇಕು ಅಣ್ಣ'. ನಾನು ಏನೂ ಹೇಳ್ದೆ ಸುಮ್ನಿದ್ದೆ. ಸ್ವಲ್ಪ ಹೊತ್ತು ಟೈಪಿಂಗ್ ಅಂತ ಬರೋದು, ನಿಲ್ಲೋದು, ಮತ್ತೆ ಬರೋದು. ಆಮೇಲೆ ಆ ಮೆಸೇಜ್ ಡಿಲೀಟ್ ಮಾಡಿ ಹೊಸದು ಹಾಕಿದ್ಳು: 'ಇಲ್ಲ ಅಣ್ಣ, ನೋ ಎರರ್. ಆನೆಮುಡಿ ಕೇರಳದ್ದು, ನಮ್ಮ ಬೆಟ್ಟಗಳ ಗುಂಪಲ್ಲಿ ಅದು ಇಲ್ವೇ ಇಲ್ಲ, ಅದರ್ ಹಾಕಿದ್ರೇನೇ ತಪ್ಪು.'